ಕಿವಿ ಮೂಡದ ರಾಜ

ಹಳಿಯಾಳದ ನನ್ನ ಫೋಟೋ ಸ್ಟುಡಿಯೋದ ಮೇಜಿನ ಖಾನೆಯಲ್ಲಿ ಒಂದು ಒಡೆದ ಪ್ಲಾಸ್ಟಿಕ್ ಡಬ್ಬಿ ಬಿದ್ದಿದೆ. ಅಂಗೈಯಲ್ಲಿ ಅಡಗುವಷ್ಟು ಚಿಕ್ಕದು. ನಡುವೆ ರೂಪಾಯಿ ಕೂರುವಷ್ಟು ದುಂಡನೆಯ ಗುಳಿ, ನೆತ್ತಿಯ ಮೇಲೊಂದು ಚೀಟಿ, ಚೀಟಿಯಲ್ಲಿ ‘ಫುಲ್ ಸ್ಟ್ರೈಕ್’ ಎಂಬ ಬರಹ. ಒಳಗೆ ರೂಪಾಯಿ ಇಲ್ಲ. ಮೊನ್ನೆ ಪಾಸ್‌ಪೋರ್ಟ್ ಫೋಟೋ ಕತ್ತರಿಸಲು ಕತ್ತರಿ ಹುಡುಕುತ್ತಿದ್ದಾಗ ಅದು ಕೈಗೆ ಬಂತು. ಎದುರು ನಿಂತಿದ್ದ ಗಿರಾಕಿ ‘ಇದರಾಗ ಏನಿತ್ರಿ?’ ಎಂದ. ‘ನಮ್ಮ ಅತ್ತಿದು’ ಎಂದಷ್ಟೇ ಹೇಳಿ ಖಾನೆ ಮುಚ್ಚಿದೆ. ಅವನಿಗೆ ಫೋಟೋದ ಅವಸರ, ಮುಂದೆ ಕೇಳಲಿಲ್ಲ. ನೀವು ಬಿಡುವವರಲ್ಲ ಎಂದು ಗೊತ್ತಿರುವುದರಿಂದ ಹೇಳಲು ಕೂತಿದ್ದೇನೆ. ಸಾಧ್ಯವಾದರೆ ಹಗಲಿನಲ್ಲಿ ಓದಿ.

ನನಗೆ ಹಳೆಯ ನಾಣ್ಯ ಕೂಡಿಸುವ ಚಟ. ಹೆಂಡತಿ ಶಾಂತಾ ಇದನ್ನು ಚಟವೆಂದೂ ಒಪ್ಪುವುದಿಲ್ಲ, ರೋಗ ಎನ್ನುತ್ತಾಳೆ. ಚಟವಾದರೆ ಬಿಡಿಸಬಹುದು ಎಂಬುದು ಅವಳ ಲೆಕ್ಕ. ಫೋನು ತೋರಿಸಿ ಚಹಾದ ದುಡ್ಡು ಕೊಡುವ ಈ ಕಾಲದಲ್ಲಿ, ಯಾವ ಅಂಗಡಿಯಲ್ಲೂ ನಡೆಯದ ರೊಕ್ಕವನ್ನು ಭೂತಗನ್ನಡಿ ಹಿಡಿದು ನೋಡುವ ಗಂಡನ ಬಗ್ಗೆ ಯಾವ ಹೆಂಗಸಿಗೆ ತಾನೇ ಅಭಿಮಾನ ಹುಟ್ಟೀತು?

ಚಟವಿಲ್ಲದವರಿಗಾಗಿ ಒಂದು ಮಾತು ಬಿಡಿಸಿ ಹೇಳಬೇಕು. ನಾಣ್ಯ ಹುಟ್ಟುವುದು ಒಂದೇ ಏಟಿಗೆ. ಟಂಕಸಾಲೆಯಲ್ಲಿ ಮೇಲೊಂದು ಅಚ್ಚು, ಕೆಳಗೊಂದು ಅಚ್ಚು, ನಡುವೆ ಬರೀ ಬಿಲ್ಲೆ. ಏಟು ಗಟ್ಟಿಯಾಗಿ ಬಿದ್ದರೆ ಬ್ರಿಟಿಷರ ಕಾಲದ ರೂಪಾಯಿಯಲ್ಲಿ ರಾಜನ ಕಿವಿ, ಮೀಸೆ, ಕಿರೀಟದ ಮಣಿ, ಅಂಗಿಯ ಮೇಲಿನ ಪುಟ್ಟ ಆನೆ, ಎಲ್ಲವೂ ಎದ್ದು ಕಾಣುತ್ತವೆ. ಏಟು ಸಡಿಲಾದರೆ ಮುಖ ಅರ್ಧಕ್ಕೇ ನಿಲ್ಲುತ್ತದೆ. ಇದು ಕೈಯಿಂದ ಕೈಗೆ ಓಡಾಡಿ ಸವೆದದ್ದಲ್ಲ, ಹುಟ್ಟುವಾಗಲೇ ಹಾಗೆ. ಪಳಪಳ ಹೊಳೆಯುತ್ತಿರುತ್ತದೆ, ಆದರೆ ಕಿವಿ ಇರುವುದಿಲ್ಲ. ಈಗ ನಾಣ್ಯ ಪರೀಕ್ಷೆ ಮಾಡುವವರು ಪೂರ್ತಿ ಮೂಡಿದ್ದನ್ನು ಆರಿಸಿ, ಡಬ್ಬಿಯಲ್ಲಿ ಭದ್ರವಾಗಿ ಮುಚ್ಚಿ, ‘ಫುಲ್ ಸ್ಟ್ರೈಕ್’ ಎಂದು ಚೀಟಿ ಹಾಕಿ ಕಳಿಸುತ್ತಾರೆ. ಚೀಟಿ ಬಿತ್ತೆಂದರೆ ಬೆಲೆ ಏರುತ್ತದೆ. ಏರಬೇಕೋ ಬೇಡವೋ ಎಂಬುದೇ ನಮ್ಮಂಥ ಹುಚ್ಚರ ಜಗಳ.

ನಮ್ಮಂಥವರು ಕೆಲವರು ಭಾನುವಾರ ದಾಂಡೇಲಿಯ ಒಂದು ಚಹಾದಂಗಡಿಯಲ್ಲಿ ಸೇರುತ್ತೇವೆ. ಬೆಲೆ ಏರಬೇಕು ಎಂಬ ಕಡೆಗೆ ನಾನು. ಫೋಟೋದಲ್ಲಿ ಮುಖ ಮಸುಕಾದರೆ ಕಚೇರಿಯವರು ವಾಪಸು ಕಳಿಸುವ ಧಂದೆಯಲ್ಲಿ ಬದುಕಿದವನು ಬೇರೇನು ಹೇಳಲು ಸಾಧ್ಯ? ಬೇಡ ಎಂಬ ಕಡೆಗೆ ಇನಾಸ. ಇನಾಸ ನಮ್ಮ ಪಕ್ಕದ ಮನೆಯವನು, ನನ್ನ ಜೊತೆಗೇ ಈ ಹುಚ್ಚು ಹಿಡಿಸಿಕೊಂಡವನು. ಕಾಡಂಚಿನ ಊರೊಂದರ ಸಿದ್ದಿ ಕ್ರೈಸ್ತ ಮನೆತನ. ಪ್ರವಾಸಿಗರನ್ನು ಜೀಪಿನಲ್ಲಿ ಕುಳಗಿಯ ಕಾಡಿಗೆ ಕರೆದೊಯ್ದು ಇಲ್ಲದ ಹುಲಿಯನ್ನು ತೋರಿಸಿ ಕರೆತರುವುದು ಅವನ ಕೆಲಸ. ಅವನಲ್ಲಿರುವುದು ಅಜ್ಜಿಯ ಕೊರಳ ಸರದ ರೂಪಾಯಿಗಳು. ಎಲ್ಲಕ್ಕೂ ತೂತು. ತೂತು ಬಿದ್ದ ನಾಣ್ಯಕ್ಕೆ ನಮ್ಮ ಬಳಗದಲ್ಲಿ ಬೆಲೆಯಿಲ್ಲ. ಅವನ ಸಿಟ್ಟು ಅಲ್ಲಿಂದ ಶುರು.

‘ಏಟ ಹಾಕಾಂವ ಮನಿಗೆ ಹೋಗೂ ಗಡಿಬಿಡ್ಯಾಗ ಇದ್ದ. ಅದಕ್ಕ ಈ ರೂಪಾಯಿ ಏನ ಮಾಡೀತು? ಹುಟ್ಟಿದ್ದ ಹಂಗ ಹುಟ್ಟೇತಿ. ಅದರ ಬೆಲೆ ಯಾಕ ಕಡಿಮಿ ಮಾಡ್ತೀರಿ?’ ಎಂದು ಮೇಜು ಗುದ್ದುತ್ತಿದ್ದ.

‘ಮುಖ ಇಲ್ಲದ್ದಕ್ಕ ಮುಖ ಇದ್ದದ್ದರ ಬೆಲೆ ಹೆಂಗ ಬರ್ತೈತೋ?’ ಎಂದು ನಾನೂ ಗುದ್ದುತ್ತಿದ್ದೆ. ಅಂಗಡಿಯವನು ಬಂದು ತನ್ನ ಗಾಜಿನ ಲೋಟಗಳನ್ನು ಸುಮ್ಮನೆ ಎತ್ತಿಕೊಂಡು ಹೋಗುತ್ತಿದ್ದ.

ಈ ಮುಖದ ವಿಚಾರ ನನಗೆ ಅಂಟಿದ್ದು ಚಿಕ್ಕಂದಿನಲ್ಲಿ. ನಮ್ಮಪ್ಪ ಬಟ್ಟೆಯ ವ್ಯಾಪಾರಿ. ತರುಣನಾಗಿದ್ದಾಗ ಗಂಟು ಹೊತ್ತು ಜೋಯಿಡಾ ಕಡೆಯ ಊರೂರು ತಿರುಗಿದವನು. ಸೂಪಾ ಇನ್ನೂ ಅಣೆಕಟ್ಟಿನ ನೀರೊಳಗೆ ಹೋಗಿರದ ಕಾಲದಲ್ಲಿ ಅಲ್ಲಿಯ ಸಂತೆಗೂ ಹೋಗುತ್ತಿದ್ದ. ಸೀರೆಗೆ ಬದಲಾಗಿ ಹೆಂಗಸರು ಅಡಗಿಸಿಟ್ಟ ಬೆಳ್ಳಿಯ ರೂಪಾಯಿ ತೆಗೆದು ಕೊಡುತ್ತಿದ್ದರಂತೆ. ಅವು ನಮ್ಮ ಮನೆಯ ದೇವರ ಪೆಟ್ಟಿಗೆಯಲ್ಲಿ ಉಳಿದಿದ್ದವು. ಅಣಶಿಯ ಕಾಡಿನಲ್ಲಿ ಮಂಜು ಮುಸುಕಿದರೂ ದಾರಿ ತಪ್ಪದವನು ಎಂದು ಅಪ್ಪನಿಗೆ ಹೆಸರಿತ್ತು. ಈ ಮಾತನ್ನು ಮರೆಯಬೇಡಿ, ನನಗೆ ಮುಂದೆ ಇದನ್ನು ನೆನೆದೇ ಸಂಕಟವಾದದ್ದು.

ಜ್ವರ ಬಂದು ಮಲಗಿದಾಗ ಅಪ್ಪ ನನಗೊಂದು ಆಟ ಕಲಿಸಿದ. ರೂಪಾಯಿಯ ಮೇಲೆ ಹಾಳೆ ಇಟ್ಟು ಪೆನ್ಸಿಲಿನಿಂದ ಮೆಲ್ಲಗೆ ಉಜ್ಜಬೇಕು. ಬಿಳಿಯ ಹಾಳೆಯೊಳಗಿಂದ ಮೊದಲು ಮೂಗು, ಆಮೇಲೆ ಗಡ್ಡ, ಆಮೇಲೆ ಕಿರೀಟ ಏಳುತ್ತಿತ್ತು. ಹಾಳೆಯ ಕೆಳಗೆ ಯಾರೋ ಮಲಗಿದ್ದಾರೆ, ನಾನು ಉಜ್ಜಿದರೆ ಏಳುತ್ತಾರೆ ಎಂದು ನನಗೆ ಒಳಗೊಳಗೇ ದಿಗಿಲು. ಒಂದು ರೂಪಾಯಿ ಮಾತ್ರ ಎಷ್ಟು ಉಜ್ಜಿದರೂ ಕಿವಿ ಕೊಡುತ್ತಿರಲಿಲ್ಲ. ‘ಇವಾ ಕಿವುಡ ರಾಜ. ಕರದರ ಹೊಳ್ಳಿ ನೋಡೂದಿಲ್ಲ’ ಎಂದು ಅಪ್ಪ ನಗಿಸಿದ್ದ. ನಗು ಬಂದಿತ್ತು, ಆದರೆ ಆ ಹಾಳೆಯನ್ನು ನಾನು ತಲೆದಿಂಬಿನ ಹತ್ತಿರ ಇಟ್ಟುಕೊಳ್ಳಲಿಲ್ಲ.

ಇನ್ನು ಅತ್ತೆಯ ಕಥೆ. ಗಂಗವ್ವತ್ತೆ ಅಪ್ಪನ ಒಬ್ಬಳೇ ತಂಗಿ, ಮುಂಡಗೋಡದ ಹತ್ತಿರದ ಹಳ್ಳಿಗೆ ಕೊಟ್ಟಿತ್ತು. ಮಾತು ಜೋರು, ಕೈ ಅದಕ್ಕಿಂತ ಜೋರು. ನಮ್ಮ ಮನೆತನದಲ್ಲಿ ಒಂದು ರೂಢಿ. ಯಾರಾದರೂ ತೀರಿಕೊಂಡರೆ ಅವರನ್ನು ಕುಳ್ಳಿರಿಸಿ, ವಿಭೂತಿ ಹಚ್ಚಿ, ಹಣೆಯ ನಡುವೆ ಒಂದು ಬೆಳ್ಳಿಯ ರೂಪಾಯಿ ಒತ್ತುತ್ತಾರೆ. ರಾಜನ ಮುಖ ಹಣೆಯ ಕಡೆಗೆ. ಒತ್ತುವವಳು ಮನೆಮಗಳು, ಎಂದರೆ ತಂಗಿ ಅಥವಾ ಮಗಳು. ಮಣ್ಣು ಮಾಡುವ ಮೊದಲು ಅದನ್ನು ತೆಗೆದು ಅವಳ ಕೈಗೇ ಕೊಡುತ್ತಾರೆ. ಬೇರೆ ಮನೆಗಳಲ್ಲಿ ಸಿಕ್ಕ ರೊಕ್ಕ ಹಚ್ಚುತ್ತಾರೆ. ನಮ್ಮಲ್ಲಿ ಹಾಗಿಲ್ಲ. ಮುಖ ಪೂರ್ತಿ ಇರುವ ರೂಪಾಯಿಯೇ ಆಗಬೇಕು.

‘ಅದರ ಮುಖ ಹಣ್ಯಾಗ ಇಳದರ ಹೋದವರಿಗೆ ನಮ್ಮ ಮುಖದ ಗುರ್ತ ಉಳಿತೈತಿ. ಸವದ ರೂಪಾಯಿ ಹಚ್ಚಿದರ ಅವರೂ ನಮ್ಮನ್ನ ಮರಿತಾರ’ ಎಂದು ಅತ್ತೆ ಹೇಳುತ್ತಿದ್ದಳು. ಪೆಟ್ಟಿಗೆಯ ರೂಪಾಯಿಗಳನ್ನು ವರ್ಷಕ್ಕೊಮ್ಮೆ ಹರಡಿಕೊಂಡು, ಹುಣಸೆಹಣ್ಣಿನಿಂದ ತಿಕ್ಕಿ, ಯಾವುದು ಯಾರಿಗೆ ಎಂದು ಬದುಕಿದ್ದವರ ಎದುರಿಗೇ ಹಂಚುವುದು ಅವಳ ಖುಷಿ. ‘ಇದ ನಮ್ಮ ವೈನಿಗೆ ಛಲೋ ಕಾಣ್ತೈತಿ’ ಎಂದು ಒಮ್ಮೆ ನನ್ನ ಅವ್ವನ ಹಣೆಗೆ ಹಿಡಿದು ನೋಡಿದ್ದಳು. ಅವ್ವ ಅವತ್ತು ಊಟ ಮಾಡಿರಲಿಲ್ಲ.

ಫೋನಿನಲ್ಲಿ ದುಡ್ಡು ಕಳಿಸುವುದು ಬಂದ ಮೇಲೆ ಅವಳ ಚಿಂತೆ ಹೆಚ್ಚಾಯಿತು. ‘ಮುಂದ ನಿಮಗ ಹಣಿಗೆ ಏನ ಹಚ್ಚೂದು? ಫೋನಾ?’

ಅಪ್ಪ ತೀರಿಕೊಂಡದ್ದು ಕೆಲವು ವರ್ಷಗಳ ಹಿಂದೆ, ಮಳೆಗಾಲದ ಒಂದು ಮಧ್ಯಾಹ್ನ, ಊಟ ಮಾಡಿ ಅಡ್ಡಾದವನು ಏಳಲೇ ಇಲ್ಲ. ಅತ್ತೆ ಅಳುತ್ತಲೇ ಬಂದಳು. ಅಳುತ್ತಲೇ ಪೆಟ್ಟಿಗೆ ತೆರೆದಳು. ಹೊರಗೆ ಮೋಡ, ಒಳಗೆ ಕರೆಂಟಿಲ್ಲ, ಕಣ್ಣಲ್ಲಿ ನೀರು. ಎಲ್ಲಕ್ಕಿಂತ ಹೊಳೆಯುತ್ತಿದ್ದುದನ್ನು ಆರಿಸಿ ಅಣ್ಣನ ಹಣೆಗೆ ಒತ್ತಿದಳು. ಕೊನೆಯ ಫೋಟೋ ನಾನೇ ತೆಗೆದೆ. ಊರಿನವರ ಕೊನೆಯ ಫೋಟೋ ತೆಗೆದು ಕೈ ಪಳಗಿತ್ತಲ್ಲ, ಅವತ್ತು ನಡುಗಲಿಲ್ಲ. ಫೋಟೋದಲ್ಲಿ ಅಪ್ಪನ ಹಣೆಯ ಮೇಲೆ ಬರೀ ಒಂದು ಬಿಳಿಯ ಚುಕ್ಕೆ ಬಂದಿದೆ.

ಆಮೇಲಿನ ಒಂದು ಭಾನುವಾರ. ದಾಂಡೇಲಿಯಲ್ಲಿ ಮಾಮೂಲು ಜಗಳ ಮುಗಿಸಿ ಇನಾಸನ ಜೀಪಿನಲ್ಲಿ ಹಳಿಯಾಳಕ್ಕೆ ಮರಳುತ್ತಿದ್ದೆವು. ರಸ್ತೆಯ ಎರಡೂ ಬದಿ ಸಾಗವಾನಿಯ ಕಾಡು, ಸಂಜೆ ಇಳಿಯುತ್ತಿತ್ತು. ನಾನು ಇನ್ನೂ ಮುಖ, ಮೀಸೆ ಎಂದು ವಾದಿಸುತ್ತಲೇ ಇದ್ದೆ. ಇನಾಸ ಸುಮ್ಮನಿದ್ದ. ಸುಮ್ಮನಿರುವುದು ಅವನ ಗುಣವಲ್ಲ.

‘ದೋಸ್ತ, ಒಂದ ಮಾತ ಹೇಳ್ತೇನಿ, ಬ್ಯಾಸರಾ ಮಾಡ್ಕೊಬ್ಯಾಡ’ ಎಂದ. ‘ನಿಮ್ಮಪ್ಪ ನಮ್ಮನಿಗೆ ಬರಾಕತ್ತಾರ.’

ನಾನು ನಕ್ಕೆ. ಅವನು ನಗಲಿಲ್ಲ.

‘ದೀಪಾ ಹಚ್ಚೂ ಹೊತ್ತಿಗೆ ಬರ್ತಾರ. ಹೊರಗ ಚಪ್ಪಲ್ ಸಪ್ಪಳ ಆಗತೈತಿ, ಕೆಮ್ಮತಾರ. ಆಮ್ಯಾಲ ಕೇಳ್ತಾರ, ಇದ ಯಾರ ಮನಿ ಅಂತ. ನಾ ಹೇಳ್ತೇನಿ, ಇದ ಇನಾಸನ ಮನಿ ರೀ ಕಾಕಾ, ನಿಮ್ಮನಿ ಬಾಜೂಕನ ಐತಿ ಅಂತ. ಹೌದಾ, ಬರ್ತೇನಿ ಹಂಗಾರ, ಅಂತಾರ. ನಿಮ್ಮ ಮನಿ ಕಡೆ ಬರೂದಿಲ್ಲ. ಪ್ಯಾಟಿ ಕಡೆ ಹೋಗಿಬಿಡ್ತಾರ.’

‘ಬಾಗಲಾ ತಗದ ನೋಡಿಯೇನ?’

‘ನೋಡೇನಿ. ಯಾರೂ ಇರೂದಿಲ್ಲ. ಸಪ್ಪಳ ಅಷ್ಟ ಹೊಂಟಿರತೈತಿ.’

ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ‘ಹೆಂಗ ಹೇಳೂದು? ನಿಮ್ಮಪ್ಪ ಸತ್ತ ಮ್ಯಾಲ ಮನಿ ಮರತಾರ ಅಂತ ಮಗನ ಮುಂದ ಹೇಳಾಕ ಬಾಯಿ ಬರ್ಬೇಕಲ್ಲ’ ಎಂದ. ಇನಾಸ ಪ್ರವಾಸಿಗರಿಗೆ ಹುಲಿಯ ಸುಳ್ಳು ಹೇಳಬಹುದು, ನನಗೆ ಇಂಥದ್ದನ್ನು ಹೇಳುವವನಲ್ಲ. ಹಾಗಂತ ನಂಬುವುದಾದರೂ ಹೇಗೆ?

ಶಾಂತಾಗೆ ಏನೂ ಹೇಳದೆ ಮರುದಿನ ಮುಸ್ಸಂಜೆ ಅವನ ಮನೆಯ ಪಡಸಾಲೆಯಲ್ಲಿ ಹೋಗಿ ಕೂತೆ. ಇನಾಸನ ಹೆಂಡತಿ ಯೇಸುವಿನ ಪಟದ ಮುಂದೆ ಮೇಣದಬತ್ತಿ ಹಚ್ಚಿ ಮಕ್ಕಳನ್ನು ಒಳಗೆ ಕರೆದುಕೊಂಡಳು. ಅವಳ ಮುಖದಲ್ಲಿ ಹೆದರಿಕೆ ಇರಲಿಲ್ಲ, ಬೇಸರವಿತ್ತು. ದಿನಾ ಬರುವ ನೆಂಟರ ಬಗ್ಗೆ ಇರುವಂಥ ಬೇಸರ. ಬೀದಿಯಲ್ಲಿ ಬೈಕೊಂದು ಹೋಯಿತು. ಆಮೇಲೆ ಬೀದಿ ಪೂರ್ತಿ ನಿಶ್ಶಬ್ದವಾಯಿತು, ನಾಯಿ ಕೂಡ ಬೊಗಳಲಿಲ್ಲ.

ಚಪ್ಪಲಿಯ ಸದ್ದು ಬಂತು. ಎಡಗಾಲನ್ನು ಸ್ವಲ್ಪ ಎಳೆದು ಹಾಕುವ ನಡಿಗೆ. ಗಂಟು ಹೊತ್ತು ಹೊತ್ತು ಅಪ್ಪನಿಗೆ ಬಂದಿದ್ದ ನಡಿಗೆ ಅದು. ಬಾಗಿಲಾಚೆ ನಿಂತು ಕೆಮ್ಮಿದ.

‘ಇದ ಯಾರ ಮನಿ?’

ಧ್ವನಿ ಅಪ್ಪನದೇ. ಇನಾಸ ನನ್ನ ಮುಖ ನೋಡಿದ.

‘ಅಪ್ಪಾ’ ಎಂದೆ.

ಬಹಳ ಸೌಜನ್ಯದಿಂದ, ಪರವೂರಿನಲ್ಲಿ ಸೀರೆ ಮಾರುವಾಗ ಆಡುತ್ತಿದ್ದಂಥ ಮಾತಿನಲ್ಲಿ, ಅಪ್ಪ ಕೇಳಿದ: ‘ಯಾರಪಾ ನೀ?’

ಹೆಜ್ಜೆಗಳು ಪೇಟೆಯ ಕಡೆಗೆ ಹೋದವು. ನಿಜ ಹೇಳುತ್ತೇನೆ, ಭಯಕ್ಕಿಂತ ಸಂಕಟವೇ ದೊಡ್ಡದಾಗಿತ್ತು. ಅಣಶಿಯ ಮಂಜಿನಲ್ಲಿ ದಾರಿ ಕಂಡುಕೊಂಡವನು ತನ್ನ ಓಣಿಯಲ್ಲಿ ತಿರುಗುತ್ತಿದ್ದ, ಮಗ ಮುಂದೆಯೇ ಇದ್ದರೂ ಗುರುತು ಸಿಗದೆ.

ಮುಂಡಗೋಡಕ್ಕೆ ಹೋಗಿ ಅತ್ತೆಗೆ ಎಲ್ಲ ಹೇಳಿದೆ. ಅವಳು ನಡುವೆ ಒಂದೂ ಮಾತಾಡದೆ ಕೇಳಿದ್ದು ಜೀವಮಾನದಲ್ಲಿ ಅದೊಂದೇ ಸಲ ಇರಬೇಕು. ಒಳಗೆ ಹೋಗಿ ಅಪ್ಪನ ಹಣೆಯ ರೂಪಾಯಿ ತಂದಳು. ಕಣ್ಣು ಮಂಜಾಗಿದ್ದರಿಂದ ಹೆಬ್ಬೆರಳಿನಿಂದ ಸವರಿದಳು. ಮತ್ತೆ ಸವರಿದಳು. ನಾನು ಇಸಿದುಕೊಂಡು ಬಿಸಿಲಿಗೆ ಹಿಡಿದೆ. ರೂಪಾಯಿ ಹೊಸದರಂತೆ ಹೊಳೆಯುತ್ತಿತ್ತು, ಎಲ್ಲೂ ಸವೆದಿರಲಿಲ್ಲ. ಅಂಚಿನ ಅಕ್ಷರಗಳು ಚೆನ್ನಾಗಿದ್ದವು. ರಾಜನ ಕಿವಿ ಇರಬೇಕಾದಲ್ಲಿ ನುಣ್ಣಗೆ, ಮೀಸೆಯ ಜಾಗದಲ್ಲಿ ನುಣ್ಣಗೆ. ನಾನು ಭಾನುವಾರಗಳಲ್ಲಿ ಬೆಲೆಯಿಲ್ಲ ಎಂದು ತಳ್ಳಿಹಾಕುತ್ತಿದ್ದ ಜಾತಿಯದು. ಜ್ವರದಲ್ಲಿ ಮಲಗಿದ್ದವನ ಮುಂದೆ ಅಪ್ಪ ಇಟ್ಟ ಕಿವುಡ ರಾಜ.

‘ಹೊಳಪ ನೋಡಿ ಮೋಸಾ ಹೋದೆನೋ’ ಎಂದು ಅತ್ತೆ ಹಣೆ ಚಚ್ಚಿಕೊಂಡಳು. ‘ನಾನ ತಿಕ್ಕಿ ತಿಕ್ಕಿ ಹೊಳಸಿದ್ದೆ. ಹೊಳಿಯೂದ ಬ್ಯಾರೆ, ಮುಖ ಬ್ಯಾರೆ ಅಂತ ಅವತ್ತ ತಿಳೀಲಿಲ್ಲ ನನಗ. ನನ್ನಣ್ಣಗ ನಾನ ಮುಖಾ ಇಲ್ಲದ ರೂಪಾಯಿ ಹಚ್ಚೀನಿ.’

ಅದು ಹೊಳಪಿನ ಮೋಸ ಎಂದು ಸಮಾಧಾನ ಹೇಳಲು ಹೋದೆ. ದೊಡ್ಡ ದೊಡ್ಡ ಸಂಗ್ರಾಹಕರೂ ಹೀಗೆ ಬೀಳುತ್ತಾರೆ ಎಂದೆ. ‘ಅವರ ಅಣ್ಣಗೋಳು ಓಣ್ಯಾಗ ತಿರಗತಾರೇನ?’ ಎಂದು ಕೇಳಿದಳು.

ಒಂದು ವಾರವೂ ಆಗಿರಲಿಲ್ಲ, ಕೈಚೀಲ ಹಿಡಿದು ಹಳಿಯಾಳಕ್ಕೆ ಬಂದಿಳಿದಳು. ದೇವರ ಪೆಟ್ಟಿಗೆಯ ರೂಪಾಯಿಗಳನ್ನೂ ನನ್ನ ನಾಣ್ಯಗಳನ್ನೂ ಹಾಸಿಗೆಯ ಮೇಲೆ ಸುರಿಸಿದಳು. ಅವುಗಳನ್ನು ನಾನು ಅಂಚು ಹಿಡಿದು, ಉಸಿರು ಬಿಗಿಹಿಡಿದು ಎತ್ತುವವನು. ಅವಳು ಅವರೆಕಾಯಿ ಆರಿಸುವಂತೆ ಆರಿಸಿದಳು. ಒಂದೂ ಒಪ್ಪಿಗೆಯಾಗಲಿಲ್ಲ. ಒಂದರ ಮೀಸೆ ಸರಿಯಿಲ್ಲ, ಇನ್ನೊಂದರ ರಾಜ ಸಿಟ್ಟಿನಲ್ಲಿದ್ದಾನೆ. ಕೊನೆಗೆ ಕಪಾಟಿನ ಮೂಲೆಯಲ್ಲಿದ್ದ ಪ್ಲಾಸ್ಟಿಕ್ ಡಬ್ಬಿ ಕಂಡಿತು.

ಅದು ನನ್ನ ಹೆಮ್ಮೆ. ಚೀಟಿ ಬಂದ ದಿನ ಬಳಗಕ್ಕೆಲ್ಲ ಭಜಿ ಕೊಡಿಸಿದ್ದೆ.

‘ಇದರಾಗಿಂದ ತಗೀ, ಮುಟ್ಟಿ ನೋಡ್ತೇನಿ’ ಎಂದಳು.

‘ತಗಿಯಾಕ ಬರೂದಿಲ್ಲತ್ತಿ. ಒಡದರ ಚೀಟಿ ಹೋತು, ಚೀಟಿ ಹೋದರ ಬೆಲೆ ಹೋತು. ಫುಲ್ ಸ್ಟ್ರೈಕ್ ಅಂತ ಬರದಾರ ನೋಡು, ಮುಟ್ಟೂದ ಬ್ಯಾಡ, ನಂಬು.’

‘ನಾ ಸತ್ತಾಗ ಈ ಚೀಟಿ ಹಣಿಗೆ ಹಚ್ಚತಿಯೇನ?’

ಆಗ ಅವಳು ಏಕೆ ಬಂದಿದ್ದಾಳೆಂದು ತಿಳಿಯಿತು. ಅವಳು ಹುಡುಕುತ್ತಿದ್ದುದು ತನ್ನ ಹಣೆಯ ರೂಪಾಯಿ. ಅಪ್ಪನ ಹಣೆಯನ್ನು ಇನ್ನು ಯಾರಿಂದಲೂ ತಿದ್ದಲಾಗುವುದಿಲ್ಲ. ‘ನಾ ಅವನ ಕಡೆ ಹೋಗಾಕಿ’ ಎಂದಳು. ‘ನನಗ ಗುರ್ತ ಇದ್ದರ ಸಾಕು. ಹುಡುಕಿ ಕೈ ಹಿಡದ ಮನಿಗೆ ಕರಕೊಂಡ ಬರ್ತೇನಿ. ನಂಗೂ ಹಂಥಾದ್ದ ಹಚ್ಚಿದರ ಇಬ್ಬರೂ ದಾರಿ ತಪ್ಪಿ ಅಡ್ಡಾಡತೇವಿ, ಇನಾಸನ ಮನಿಗೆ ಇಬ್ಬರ ಕಾಟ ಆಕ್ಕೈತಿ.’

ಇಷ್ಟರಲ್ಲಿ ಎಲ್ಲ ತಿಳಿದಿದ್ದ ಶಾಂತಾ ನಗುತ್ತ ನಗುತ್ತ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಇನಾಸನನ್ನು ಕರೆಸಿದೆ. ಸ್ಟ್ರೈಕಿಗೆ ಬೆಲೆ ಇರಬಾರದು ಎಂದು ಇಷ್ಟು ವರ್ಷ ಮೇಜು ಗುದ್ದಿದವನು, ಯಾವ ರೂಪಾಯಿಯಾದರೂ ಸಾಕು ಎಂದು ನನ್ನ ಪರ ನಿಂತಾನು ಎಂಬ ಆಸೆ. ಅವನು ಜೀಪಿನ ಇಕ್ಕಳವನ್ನೇ ಹಿಡಿದುಕೊಂಡು ಬಂದಿದ್ದ. ‘ಒಡಿ ದೋಸ್ತ’ ಎಂದ. ಬೆಲೆ ಇದೆ ಎಂದು ಗುದ್ದುತ್ತಿದ್ದ ನಾನು ಡಬ್ಬಿಯನ್ನು ಎದೆಗೆ ಅವಚಿಕೊಂಡು ನಿಂತಿದ್ದೆ. ಈಗ ನೆನೆದರೆ ನಗು ಬರುತ್ತದೆ, ಆಗ ಬಂದಿರಲಿಲ್ಲ. ಕೊನೆಗೆ ಇಕ್ಕಳ ಇಸಿದುಕೊಂಡು ನಾನೇ ಒಡೆದೆ.

ಅತ್ತೆ ರೂಪಾಯಿಯನ್ನು ಎಡ ಅಂಗೈಯಲ್ಲಿಟ್ಟುಕೊಂಡು ಹೆಬ್ಬೆರಳು ಆಡಿಸಿದಳು. ‘ಕಿವಿ ಐತಿ’ ಎಂದಳು. ‘ಮೀಸಿ ಐತಿ. ಗಡ್ಡ ಐತಿ. ಅಂಗಿ ಮ್ಯಾಲ ಆನಿ ಸೈತ ಐತಿ.’ ಸೆರಗಿನ ತುದಿಗೆ ಗಂಟು ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಚಹಾ ಕುಡಿದು ಮಧ್ಯಾಹ್ನದ ಬಸ್ಸಿಗೆ ಹೋದಳು.

ಆಮೇಲೂ ಅತ್ತೆ ಗಟ್ಟಿಮುಟ್ಟಾಗಿ ಬದುಕಿದಳು. ಆಗಾಗ ಫೋನು ಮಾಡುತ್ತಿದ್ದಳು. ‘ಇನ್ನಾ ಹೊಂಟಿಲ್ಲಪಾ’ ಎಂದು, ಬಸ್ಸು ತಡವಾದವರ ದನಿಯಲ್ಲಿ ಹೇಳುವಳು. ‘ಬಂದಿದ್ದನೇನು ನಿನ್ನೆ?’ ಎಂದು ಕೇಳುವಳು. ಬರುತ್ತಿದ್ದ. ಇನಾಸನ ಮನೆಯಲ್ಲಿ ದೀಪದ ಹೊತ್ತಿಗೆ ಹೊರಗಿನ ಕಟ್ಟೆಯ ಮೇಲೆ ಒಂದು ತಂಬಿಗೆ ನೀರು ಇಡುವುದು ರೂಢಿಯಾಗಿತ್ತು. ನಾನು ಮತ್ತೊಮ್ಮೆ ಅಲ್ಲಿ ಹೋಗಿ ಕೂರಲಿಲ್ಲ. ‘ಯಾರಪಾ ನೀ’ ಎಂಬುದನ್ನು ಒಮ್ಮೆ ಕೇಳಿದ್ದೇ ಸಾಕಾಗಿತ್ತು. ನಮ್ಮ ಮನೆಯೊಳಗೆ ಕೂತು ಗೋಡೆಯಾಚೆಯ ಕೆಮ್ಮು ಕೇಳಿಸಿಕೊಳ್ಳುತ್ತಿದ್ದೆ. ಕೇಳಿಸದ ದಿನ ಮಳೆಯ ಸದ್ದಿರಬಹುದು ಎಂದುಕೊಳ್ಳುತ್ತಿದ್ದೆ.

ಭಾನುವಾರದ ಬಳಗದಲ್ಲಿ ಈಗಲೂ ಸ್ಟ್ರೈಕಿನ ಜಗಳ ನಡೆಯುತ್ತದೆ. ನನ್ನ ಅಭಿಪ್ರಾಯ ಕೇಳಿದರೆ ಚಹಾ ಆರುತ್ತದೆ ಎನ್ನುತ್ತೇನೆ. ಅಚ್ಚು ಪೂರ್ತಿ ಬಿದ್ದದ್ದಕ್ಕೆ ಬೆಲೆ ಹೆಚ್ಚಬೇಕು, ಅದರಲ್ಲಿ ನನಗೆ ಈಗ ಅನುಮಾನವೇ ಇಲ್ಲ. ಆದರೆ ಆ ಬೆಲೆ ಕಟ್ಟುವವರು ಯಾರು ಎಂಬುದನ್ನು ಅಂಗಡಿಯಲ್ಲಿ ಕೂತು ಹೇಗೆ ಹೇಳಲಿ? ಹೊಸಬರು ಪಳಪಳ ಹೊಳೆಯುವ ನಾಣ್ಯ ತಂದು ತೋರಿಸಿದರೆ ಮೊದಲು ಕಿವಿ ನೋಡುತ್ತೇನೆ. ಕಿವಿ ಇಲ್ಲದಿದ್ದರೆ ಬೇಗ ವಾಪಸು ಕೊಟ್ಟು ಕೈ ಒರೆಸಿಕೊಳ್ಳುತ್ತೇನೆ.

ಈ ಸಲ ಮಳೆ ಹಿಂತೆಗೆದು ಭತ್ತ ತೆನೆ ಬಿಡುವ ಹೊತ್ತಿಗೆ ಅತ್ತೆ ಹೊರಟಳು. ಫೋನು ಬಂದಾಗ ಅವಳ ಮಗಳು ನೀಲವ್ವ ಹೇಳಿದ್ದು ಇಷ್ಟೇ: ‘ಅವ್ವ ಹೋದ್ಲು. ಸೆರಗಿನ ಗಂಟ ಬಿಚ್ಚಿ ಇಟ್ಟೇನಿ, ನೀ ಬಂದ ಮ್ಯಾಲ ಹಚ್ಚತೇನಿ.’ ಕ್ಯಾಮೆರಾ ತೆಗೆದುಕೊಂಡು ಶಾಂತಾಳ ಜೊತೆ ಹೋದೆ. ಅತ್ತೆಯನ್ನು ಕುಳ್ಳಿರಿಸಿದ್ದರು, ಹಣೆಯ ತುಂಬ ವಿಭೂತಿ. ರಾಜನ ಮುಖ ಒಳಗಡೆಗೆ ಇದೆಯೇ ಎಂದು ನಾನು ಕೇಳಿದೆ, ನೀಲವ್ವ ತೋರಿಸಿದಳು. ಕೇಳಿದ್ದಕ್ಕೆ ಒಬ್ಬಿಬ್ಬರು ಹಿರಿಯರು ನನ್ನನ್ನು ವಿಚಿತ್ರವಾಗಿ ನೋಡಿದರು.

ಮಣ್ಣು ಮಾಡುವ ಮೊದಲು ನೀಲವ್ವ ರೂಪಾಯಿ ತೆಗೆದಳು. ತೆಗೆದ ಜಾಗದಲ್ಲಿ, ಒಣಗಿದ ವಿಭೂತಿಯ ಮೇಲೆ, ಮುಖ ಮೂಡಿತ್ತು. ಕಿವಿ, ಮೀಸೆ, ಕಿರೀಟದ ಮಣಿ, ಎಲ್ಲ ಇತ್ತು. ರೂಪಾಯಿಯಲ್ಲಿ ರಾಜ ಎಡಕ್ಕೆ ನೋಡುತ್ತಾನೆ. ಅತ್ತೆಯ ಹಣೆಯಲ್ಲಿ ಅವನು ಬಲಕ್ಕೆ ನೋಡುತ್ತಿದ್ದ. ಅಚ್ಚಿನ ಗುಣವೇ ಅದು, ತಿರುವುಮುರುವಾಗುತ್ತದೆ ಎಂದು ನನಗೆ ಗೊತ್ತು. ಆದರೂ ಬಲಗಡೆಗೆ ನಾನೇ ನಿಂತಿದ್ದೆ. ಕ್ಯಾಮೆರಾ ಎತ್ತಿದೆ, ಒತ್ತಲು ಬೆರಳು ಬಾಗಲಿಲ್ಲ.

ನಾವು ಹಳಿಯಾಳ ಮುಟ್ಟಿದ್ದು ಮರುದಿನ ಸಂಜೆ. ಸ್ನಾನ ಮಾಡಿ ಬಂದು ಪಡಸಾಲೆಯಲ್ಲಿ ಕೂತೆ. ಶಾಂತಾ ದೇವರ ದೀಪ ಹಚ್ಚುತ್ತಿದ್ದಳು. ಬೀದಿಯ ಬಾಗಿಲು ಮುಚ್ಚಲು ಎದ್ದವನು ಯಾಕೋ ಮುಚ್ಚದೆ ಮತ್ತೆ ಕೂತೆ. ಪಕ್ಕದ ಮನೆಯಲ್ಲಿ ಮೇಣದಬತ್ತಿಯ ಹೊತ್ತು ಮೀರಿತು. ಗೋಡೆಯಾಚೆಯಿಂದ ಇನಾಸ ಕೂಗಿದ.

‘ದೋಸ್ತ, ಇವತ್ತ ಇಲ್ಲಿ ನಿಂದರಲಿಲ್ಲೋ. ಮುಂದಕ ಹೋದ್ರು. ಸಂಗಾಟ ಇನ್ನೊಬ್ಬರು ಅದಾರ.’

ಆಗ ನಮಗೂ ಕೇಳಿಸಿತು. ಎಡಗಾಲು ಎಳೆಯುವ ಚಪ್ಪಲಿ. ಅದರ ಜೊತೆಗೆ ಬರಿಗಾಲಿನ ಅವಸರದ ಹೆಜ್ಜೆ, ಬಳೆಯ ಸದ್ದು. ಎರಡೂ ನಮ್ಮ ಮೆಟ್ಟಿಲಿನ ಕೆಳಗೆ ಬಂದು ನಿಂತವು. ದೀಪದ ಬೆಳಕು ಹೊಸ್ತಿಲವರೆಗೆ ಬಿದ್ದಿತ್ತು, ಅದರಾಚೆ ಯಾರೂ ಕಾಣುತ್ತಿರಲಿಲ್ಲ.

‘ಅಣ್ಣಾ, ಇದ ನೋಡು ನಮ್ಮ ಮನಿ.’

ಶಾಂತಾಳ ಕೈ ನನ್ನ ತೋಳನ್ನು ಹಿಡಿದುಕೊಂಡಿತು. ಹೊರಗೆ ಕೆಮ್ಮು. ‘ಇದನ?’ ಎಂದ ಅಪ್ಪ. ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಉತ್ತರವೇ ಬರುವುದಿಲ್ಲ, ಮತ್ತೆ ಪೇಟೆಯ ಕಡೆಗೆ ಹೋಗಿಬಿಡುತ್ತಾನೆ ಎಂದುಕೊಂಡೆ.

‘ಶಿವ್ಯಾ ಅದಾನೇನ ಒಳಗ?’

ನನ್ನನ್ನು ಹೆಸರು ಹಿಡಿದು ಹಾಗೆ ಕರೆಯುತ್ತಿದ್ದವನು ಅವನೊಬ್ಬನೇ. ಕಣ್ಣು ಒರೆಸಿಕೊಂಡೆ.

‘ಅದೇನಿ ಅಪ್ಪಾ’ ಎಂದೆ. ‘ಬಾಗಲಾ ತಗದೈತಿ. ಬರ್ರಿ, ಇಬ್ಬರೂ ಒಳಗ ಬರ್ರಿ.’